ಮಾರುತದ ಮೊದಲ ಸಾರಥಿ: ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ರಾಜ್ಯದ ಎಲ್ಲ ಮೂಲೆಗಳಿಂದಲೂ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ರೋಣ, ನರಗುಂದ, ಗಜೇಂದ್ರಗಡದಂತಹ ದೂರದ ಊರುಗಳ ಮಕ್ಕಳು ರಾತ್ರಿಯಿಡೀ ಪ್ರಯಾಣಿಸಿ ಬಂದು ನೋಡುವ ಸ್ಥಳಗಳಲ್ಲಿ ಅದೂ ಒಂದು. ಕಟ್ಟಡದ ಹೊರಗೆ ನಿಲ್ಲಿಸಿರುವ ಚೂಪು ಮೂಗಿನ, ಹಿಂದಕ್ಕೆ ಬಾಗಿದ ರೆಕ್ಕೆಗಳ ಯುದ್ಧವಿಮಾನವು ಅವರಲ್ಲಿ ಅನೇಕರು ಹತ್ತಿರದಿಂದ ಕಾಣುವ ಮೊದಲ ವಿಮಾನ. ಅದರ ಹೆಸರು ಎಚ್‌ಎಫ್-24 ಮಾರುತ. ಗಜೇಂದ್ರಗಡದ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ನಿತ್ಯ ಕಾಣುವ ಮಕ್ಕಳಿಗೆ ಮಾರುತವೆಂದರೆ ಗಾಳಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಭಾರತದಲ್ಲಿಯೇ ವಿನ್ಯಾಸಗೊಂಡು, ಬೆಂಗಳೂರಿನಲ್ಲಿಯೇ ತಯಾರಾದ ಮೊದಲ ಜೆಟ್ ಯುದ್ಧವಿಮಾನವಿದು. ಇದನ್ನು ಮೊಟ್ಟಮೊದಲು ಆಕಾಶಕ್ಕೇರಿಸಿದ ವೈಮಾನಿಕ ಸುರಂಜನ್ ದಾಸ್. ಬೆಂಗಳೂರಿನ ಪೂರ್ವ ಭಾಗದ ನಿವಾಸಿಗಳಿಗೆ ಈ ಹೆಸರು ಅಪರಿಚಿತವೇನಲ್ಲ. ಹಳೆ ಮದರಾಸು ರಸ್ತೆಯನ್ನೂ ಹಳೆ ವಿಮಾನ ನಿಲ್ದಾಣ ರಸ್ತೆಯನ್ನೂ ಜೋಡಿಸುವ ಹಾದಿಗೆ ಸುರಂಜನ್ ದಾಸ್ ರಸ್ತೆಯೆಂದೇ ಹೆಸರು. ಆದರೆ ಆ ರಸ್ತೆಯಲ್ಲಿ ದಿನವೂ ಓಡಾಡುವ ಸಾವಿರಾರು ಜನರಲ್ಲಿ ಆ ವ್ಯಕ್ತಿಯ ಬದುಕನ್ನು ಬಲ್ಲವರು ವಿರಳ. ವಸ್ತುಸಂಗ್ರಹಾಲಯದ ವಿಮಾನಕ್ಕೂ ಆ ರಸ್ತೆಯ ಹೆಸರಿಗೂ ಇರುವ ನಂಟು ಒಬ್ಬ ಮನುಷ್ಯನ ಸಾವಿನಲ್ಲಿ ಕೂಡಿಕೊಂಡಿದೆ ಎಂಬುದಂತೂ ಇನ್ನೂ ಕಡಿಮೆ ಜನಕ್ಕೆ ಗೊತ್ತು.

ನ್ಯಾಯವಾದಿಯ ಮನೆಯಿಂದ ವಾಯುಪಡೆಗೆ

ಸುರಂಜನ್ ದಾಸ್ ಜನಿಸಿದ್ದು 1920ರ ಫೆಬ್ರುವರಿ 22ರಂದು, ಕಲ್ಕತ್ತೆಯಲ್ಲಿ. ತಂದೆ ಸುಧಿರಂಜನ್ ದಾಸ್ ಪ್ರಸಿದ್ಧ ಕಾನೂನು ಪಂಡಿತರು. ಬಾಲ್ಯದಲ್ಲಿ ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ ಕಲಿತ ಅವರು 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಆನಂತರ ವಿಶ್ವಭಾರತಿಯ ಕುಲಪತಿ ಸ್ಥಾನವನ್ನೂ ಅಲಂಕರಿಸಿದರು. ಇಂತಹ ಮನೆತನದ ಮಗನಿಗೆ ನ್ಯಾಯಾಲಯದ ಹಾದಿ ತೆರೆದೇ ಇತ್ತು. ಆದರೆ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಯುವಕ ಸುರಂಜನ್ ಆಯ್ದುಕೊಂಡದ್ದು ವಾಯುಪಡೆಯನ್ನು.

ಅವರು ವೈಮಾನಿಕರಾಗಿ ಪಳಗಿದ ಕಾಲವು ವಿಮಾನಗಳ ಜಗತ್ತೇ ಬದಲಾಗುತ್ತಿದ್ದ ಕಾಲ. ಮೂತಿಯಲ್ಲಿ ಪ್ರೊಪೆಲರ್ ತಿರುಗಿಸಿಕೊಂಡು ಹಾರುವ ಯುದ್ಧವಿಮಾನಗಳ ಯುಗ ಮುಗಿಯುತ್ತಿತ್ತು. 1948ರಲ್ಲಿ ವ್ಯಾಂಪೈರ್ ವಿಮಾನಗಳ ಆಗಮನದೊಂದಿಗೆ ಭಾರತೀಯ ವಾಯುಪಡೆ ಜೆಟ್ ಯುಗವನ್ನು ಪ್ರವೇಶಿಸಿತು. ಹೊಸ ವಿಮಾನಗಳನ್ನು ಕೊಳ್ಳುವ, ಸಾಧ್ಯವಾದರೆ ಸ್ವಂತವಾಗಿ ಕಟ್ಟುವ ದೇಶಕ್ಕೆ ಅವುಗಳನ್ನು ಹಾರಿಸಿ ಗುಣದೋಷ ಹೇಳಬಲ್ಲ ವಿಶೇಷ ತರಬೇತಿಯ ವೈಮಾನಿಕರು ಬೇಕಾಗಿದ್ದರು. ಪರೀಕ್ಷಾ ಪೈಲಟ್‌ಗಳನ್ನು ತಯಾರಿಸುವ ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ನಲ್ಲಿ ತರಬೇತಿ ಪಡೆದ ಆರಂಭಿಕ ಭಾರತೀಯರಲ್ಲಿ ಸುರಂಜನ್ ದಾಸ್ ಒಬ್ಬರು.

ಪರೀಕ್ಷಾ ಪೈಲಟ್‌ನ ಕಾಯಕ ಸಾಮಾನ್ಯ ವೈಮಾನಿಕನದಕ್ಕಿಂತ ಭಿನ್ನ. ಸ್ಕ್ವಾಡ್ರನ್ನಿನ ವೈಮಾನಿಕನ ಕೈಗೆ ಬರುವ ವಿಮಾನದ ಸ್ವಭಾವ ಮೊದಲೇ ತಿಳಿದಿರುತ್ತದೆ. ಯಾವ ವೇಗದಲ್ಲಿ ನೆಲ ಬಿಡಬೇಕು, ಎಷ್ಟು ತಿರುವಿದರೆ ಅದು ಹಿಡಿತ ತಪ್ಪುತ್ತದೆ ಎಂಬ ಅಂಕಿಗಳು ಕೈಪಿಡಿಯಲ್ಲಿ ಇರುತ್ತವೆ. ಆ ಅಂಕಿಗಳನ್ನು ಕೈಪಿಡಿಗೆ ಒದಗಿಸುವವನೇ ಪರೀಕ್ಷಾ ಪೈಲಟ್. ವಿನ್ಯಾಸಕಾರ ಕಾಗದದ ಮೇಲೆ ಲೆಕ್ಕ ಹಾಕಿದ್ದನ್ನು ಅವನು ಗಾಳಿಯಲ್ಲಿ ಪರಿಶೀಲಿಸುತ್ತಾನೆ. ವಿಮಾನದ ಮಿತಿಯ ಅಂಚಿಗೆ ಒಂದೊಂದೇ ಹೆಜ್ಜೆ ಇಟ್ಟು ಹೋಗಿ, ಅಲ್ಲಿ ಕಂಡದ್ದನ್ನು ನೆನಪಿನಲ್ಲಿಟ್ಟುಕೊಂಡು ಮರಳಿ ಬಂದು ಎಂಜಿನಿಯರುಗಳಿಗೆ ವಿವರಿಸುತ್ತಾನೆ. ಧೈರ್ಯದಷ್ಟೇ ತಾಳ್ಮೆಯನ್ನೂ ಗಣಿತಜ್ಞಾನವನ್ನೂ ಬೇಡುವ ಕೆಲಸವದು.

1950ರ ದಶಕದ ಉತ್ತರಾರ್ಧದಲ್ಲಿ ಭಾರತವು ಬ್ರಿಟನ್ನಿನ ಪುಟ್ಟ ಯುದ್ಧವಿಮಾನ ನ್ಯಾಟ್ ಅನ್ನು ಆರಿಸಿಕೊಂಡಿತು. 1958ರಲ್ಲಿ ಆ ವಿಮಾನವನ್ನು ಸೇನಾ ಬಳಕೆಗೆ ಹದಗೊಳಿಸಲು ಕಾನ್ಪುರದಲ್ಲಿ ಒಂದು ಚಿಕ್ಕ ತಂಡ ರಚನೆಯಾಯಿತು. ಅದರ ನೇತೃತ್ವ ವಹಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಹಗುರ ಮೈಯ, ಚುರುಕು ನಡೆಯ ನ್ಯಾಟ್ ಆರಂಭದ ದಿನಗಳಲ್ಲಿ ಅಷ್ಟೇ ತಂಟೆಕೋರ ವಿಮಾನವೂ ಆಗಿತ್ತು. ಅದನ್ನು ಪಳಗಿಸಿದ ವರ್ಷಗಳ ಶ್ರಮದ ಫಲ 1965 ಮತ್ತು 1971ರ ಯುದ್ಧಗಳಲ್ಲಿ ದೇಶಕ್ಕೆ ದೊರೆಯಿತು.

ಬೆಂಗಳೂರಿಗೆ ಬಂದ ಜರ್ಮನ್ ವಿನ್ಯಾಸಕಾರ

ಇತ್ತ ಬೆಂಗಳೂರಿನಲ್ಲಿ ಇನ್ನೂ ದೊಡ್ಡ ಸಾಹಸವೊಂದು ಆರಂಭವಾಗಿತ್ತು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಸ್ವಾತಂತ್ರ್ಯಾನಂತರ ಸ್ವಂತ ವಿನ್ಯಾಸದ ಕಡೆಗೆ ಹೊರಳಿತು. ಡಾ. ವಿ.ಎಂ. ಘಾಟ್ಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತ್ತು. ಅಲ್ಲಿಂದ ಐದು ವರ್ಷಗಳಲ್ಲಿ ದೇಶ ಇಡಲು ಹೊರಟ ಹೆಜ್ಜೆ ಬಹಳ ಉದ್ದವಾದದ್ದು: ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಯುದ್ಧವಿಮಾನದ ನಿರ್ಮಾಣ.

ಇದಕ್ಕಾಗಿ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಸರ್ಕಾರ ಜರ್ಮನಿಯ ಕುರ್ಟ್ ಟಾಂಕ್ ಅವರನ್ನು ಕರೆಸಿಕೊಂಡಿತು. ಮಹಾಯುದ್ಧದ ಕಾಲದ ಹೆಸರಾಂತ ಫೋಕ್-ವುಲ್ಫ್ 190 ವಿಮಾನದ ವಿನ್ಯಾಸಕಾರರಾದ ಟಾಂಕ್, ಯುದ್ಧಾನಂತರ ಅರ್ಜೆಂಟೀನಾದಲ್ಲಿ ಕೆಲಸ ಮಾಡಿ, 1956ರ ಆಗಸ್ಟ್‌ನಲ್ಲಿ ತಮ್ಮ ಸಹಾಯಕರೊಡನೆ ಬೆಂಗಳೂರಿಗೆ ಬಂದರು. ಬೆರಳೆಣಿಕೆಯ ಅನುಭವಿ ವಿನ್ಯಾಸಕಾರರು, ಅಗತ್ಯಕ್ಕಿಂತ ಬಹಳ ಕಡಿಮೆ ಪರೀಕ್ಷಾ ಸೌಲಭ್ಯಗಳು, ಆದರೆ ಅಪಾರವಾದ ಉತ್ಸಾಹ. ಇವಿಷ್ಟೇ ಅವರಿಗೆ ದೊರೆತ ಬಂಡವಾಳ.

ಜೆಟ್ ವಿಮಾನ ಸಿದ್ಧವಾಗುವ ಮೊದಲೇ ಅದರ ಆಕಾರ ಗಾಳಿಯಲ್ಲಿ ಹೇಗೆ ವರ್ತಿಸುತ್ತದೆಂದು ಅರಿಯಲು ಟಾಂಕ್ ತಂಡವು ಅದೇ ಗಾತ್ರದ ಮರದ ಗ್ಲೈಡರ್ ಒಂದನ್ನು ತಯಾರಿಸಿತು. ಎಂಜಿನ್ನೇ ಇಲ್ಲದ ಆ ವಿಮಾನವನ್ನು ಡಕೋಟಾ ವಿಮಾನವೊಂದು ಹಗ್ಗ ಕಟ್ಟಿ ಮೇಲಕ್ಕೆಳೆದೊಯ್ದು ಬಿಡುತ್ತಿತ್ತು. ಅಲ್ಲಿಂದ ಗಾಳಿಯ ಮೇಲೆ ತೇಲಿಸುತ್ತ ಅದನ್ನು ನೆಲಕ್ಕಿಳಿಸಬೇಕಾಗಿತ್ತು. 1959 ಮತ್ತು 1960ರಲ್ಲಿ ಇಂತಹ ಎಪ್ಪತ್ತಕ್ಕೂ ಹೆಚ್ಚು ಹಾರಾಟಗಳು ನಡೆದವು. ಕಡಿಮೆ ವೇಗದಲ್ಲಿ ವಿಮಾನದ ನಡೆ, ಇಳಿಯುವಾಗಿನ ಹಿಡಿತ, ವೇಗ ತಗ್ಗಿಸುವ ಫಲಕಗಳ ಪರಿಣಾಮ ಮುಂತಾದವೆಲ್ಲ ಈ ಹಾರಾಟಗಳಲ್ಲಿ ಪರೀಕ್ಷೆಗೊಳಗಾದವು. ಈ ಕಾರ್ಯದಲ್ಲಿ ಮುಂಚೂಣಿಯಲ್ಲಿದ್ದ ಸುರಂಜನ್ ದಾಸ್, ನಿಜವಾದ ಮಾರುತ ಸಿದ್ಧವಾಗುವ ಹೊತ್ತಿಗೆ ಅದರ ಮೈಕಟ್ಟನ್ನು ಬಲ್ಲವರಾಗಿದ್ದರು.

1961ರ ಜೂನ್ 17ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮಾರುತದ ಮೊದಲ ಮಾದರಿ ನೆಲ ಬಿಟ್ಟಿತು. ಪೈಲಟ್ ಸ್ಥಾನದಲ್ಲಿದ್ದವರು ಸುರಂಜನ್ ದಾಸ್. ಒಂದು ವಾರದ ಬಳಿಕ, ಜೂನ್ 24ರಂದು, ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಸಮ್ಮುಖದಲ್ಲಿ ಸಾರ್ವಜನಿಕ ಪ್ರದರ್ಶನವೂ ನಡೆಯಿತು. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವೂ ತುಂಬದ ದೇಶವೊಂದು ತನ್ನದೇ ವಿನ್ಯಾಸದ ಜೆಟ್ ಯುದ್ಧವಿಮಾನವನ್ನು ಹಾರಿಸಿತ್ತು. ಆ ದಿನಗಳಲ್ಲಿ ಇಂತಹ ಸಾಮರ್ಥ್ಯವಿದ್ದ ರಾಷ್ಟ್ರಗಳನ್ನು ಬೆರಳ ಮೇಲೆ ಎಣಿಸಬಹುದಾಗಿತ್ತು.

ದೇಹವಿತ್ತು, ಬಲವಿರಲಿಲ್ಲ

ಆದರೆ ಸಂಭ್ರಮದ ನಡುವೆಯೇ ಒಂದು ಕೊರತೆ ಎಲ್ಲರಿಗೂ ಗೊತ್ತಿತ್ತು. ಮಾರುತದ ವಿನ್ಯಾಸ ಮಾಡುವಾಗ ಟಾಂಕ್ ಲೆಕ್ಕಕ್ಕೆ ಹಿಡಿದದ್ದು ಬ್ರಿಟನ್ನಿನ ಆರ್ಫಿಯಸ್ 12 ಎಂಬ ಎಂಜಿನ್ನನ್ನು. ಆಫ್ಟರ್‌ಬರ್ನರ್ ಬಳಸಿದಾಗ ಅಂಥ ಒಂದೊಂದು ಎಂಜಿನ್ ಎಂಟು ಸಾವಿರ ಪೌಂಡಿಗೂ ಮಿಗಿಲಾದ ನೂಕುಬಲ ಕೊಡುವ ನಿರೀಕ್ಷೆಯಿತ್ತು. ಆದರೆ ಆ ಎಂಜಿನ್ನಿನ ಅಭಿವೃದ್ಧಿ ಪೂರ್ಣಗೊಳ್ಳಲೇ ಇಲ್ಲ. ಅದರ ಉಳಿದ ಕೆಲಸಕ್ಕೆ ಹಣ ಹೂಡಲು ಭಾರತ ಸರ್ಕಾರ ಹಿಂಜರಿಯಿತು, ಬ್ರಿಟನ್ನಿನಲ್ಲಿ ಅದಕ್ಕೆ ಬೇರೆ ಗಿರಾಕಿಗಳಿರಲಿಲ್ಲ. ಕೊನೆಗೆ ನ್ಯಾಟ್ ವಿಮಾನಕ್ಕೆಂದು ಬೆಂಗಳೂರಿನಲ್ಲಿ ಆಗಲೇ ತಯಾರಾಗುತ್ತಿದ್ದ ಆರ್ಫಿಯಸ್ ವರ್ಗದ, ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703 ಎಂಜಿನ್ನುಗಳನ್ನೇ ಮಾರುತಕ್ಕೂ ಜೋಡಿಸಬೇಕಾಯಿತು. ಒಂದೊಂದರ ನೂಕುಬಲ 4,850 ಪೌಂಡ್ ಮಾತ್ರ.

ಇದರ ಪರಿಣಾಮವನ್ನು ಸುರಂಜನ್ ದಾಸರಿಗಿಂತ ಚೆನ್ನಾಗಿ ಬಲ್ಲವರು ಇರಲಾರರು. ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ವಿಮಾನ ಶಬ್ದದ ವೇಗವನ್ನು ಕಷ್ಟಪಟ್ಟು ದಾಟುತ್ತಿತ್ತು. ಮೈಕಟ್ಟಿನಲ್ಲಿ ದೋಷವಿರಲಿಲ್ಲ. ಕೈಗೆ ಒಗ್ಗುವ, ನೆಲಕ್ಕೆ ಸಮೀಪದಲ್ಲಿ ಸ್ಥಿರವಾಗಿ ಹಾರುವ ಗಟ್ಟಿ ವಿಮಾನವೆಂದು ಅದು ಹೆಸರು ಪಡೆಯಿತು. ಅದಕ್ಕೆ ಬೇಕಾಗಿದ್ದುದು ಬಲ.

ಆ ಬಲಕ್ಕಾಗಿ ನಡೆದ ಹುಡುಕಾಟ ಒಂದು ದಶಕವನ್ನೇ ನುಂಗಿತು. ಸೋವಿಯತ್ ಎಂಜಿನ್ನುಗಳ ಪರಿಶೀಲನೆ ನಡೆಯಿತು. ಈಜಿಪ್ಟ್ ದೇಶದಲ್ಲಿ ರೂಪುಗೊಳ್ಳುತ್ತಿದ್ದ ಇ-300 ಎಂಜಿನ್ನನ್ನು ಒಂದು ಮಾರುತಕ್ಕೆ ಅಳವಡಿಸಿ, 1967ರ ಮಾರ್ಚ್‌ನಲ್ಲಿ ಕೈರೋ ಸಮೀಪದ ಹೆಲ್ವಾನ್‌ನಲ್ಲಿ ಭಾರತೀಯ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ ಹಾರಿಸಿದರು. ಆದರೆ ಅದೇ ವರ್ಷದ ಜೂನ್‌ನಲ್ಲಿ ಇಸ್ರೇಲಿನೊಡನೆ ನಡೆದ ಯುದ್ಧದ ನಂತರ ಈಜಿಪ್ಟ್ ಆ ಯೋಜನೆಯನ್ನು ಮುಂದುವರಿಸುವ ಸ್ಥಿತಿಯಲ್ಲಿರಲಿಲ್ಲ. ಆ ಬಾಗಿಲೂ ಮುಚ್ಚಿತು. ಟಾಂಕ್ ಕೂಡ ಅದೇ ವರ್ಷ ಭಾರತದಿಂದ ತೆರಳಿದರು.

ಈ ನಡುವೆ ಸುರಂಜನ್ ದಾಸ್ ಎಚ್‌ಎಎಲ್‌ನ ಮುಖ್ಯ ಪರೀಕ್ಷಾ ಪೈಲಟ್ ಆಗಿ ಬೆಂಗಳೂರಿನಲ್ಲಿಯೇ ನೆಲೆನಿಂತಿದ್ದರು. 1964ರ ಸೆಪ್ಟೆಂಬರ್ 4ರಂದು ಕಿರಣ್ ಜೆಟ್ ತರಬೇತಿ ವಿಮಾನದ ಮೊದಲ ಹಾರಾಟವನ್ನು ನಡೆಸಿದವರೂ ಅವರೇ. ಮುಂದೆ ದಶಕಗಳ ಕಾಲ ಭಾರತೀಯ ವಾಯುಪಡೆಯ ಅಸಂಖ್ಯ ವೈಮಾನಿಕರು ಜೆಟ್ ಹಾರಾಟವನ್ನು ಕಲಿತದ್ದು ಈ ಕಿರಣ್ ವಿಮಾನದಲ್ಲಿ. 1967ರ ಏಪ್ರಿಲ್‌ನಲ್ಲಿ ವಾಯುಪಡೆಯ 10ನೆಯ ಸ್ಕ್ವಾಡ್ರನ್ ಮಾರುತ ವಿಮಾನಗಳನ್ನು ಪಡೆಯಿತು, ಎರಡು ವರ್ಷಗಳ ಬಳಿಕ 220ನೆಯ ಸ್ಕ್ವಾಡ್ರನ್.

1970ರ ಜನವರಿ 10

ಹೊರದೇಶಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿದಾಗ ಉಳಿದದ್ದು ದೇಶದೊಳಗಿನ ದಾರಿ. ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಯಾದ ಜಿಟಿಆರ್‌ಇ ಕಾನ್ಪುರದಲ್ಲಿ 1959ರಲ್ಲಿ ಆರಂಭಗೊಂಡು, 1961ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತ್ತು. ಅಲ್ಲಿನ ಎಂಜಿನಿಯರುಗಳು ಆರ್ಫಿಯಸ್ 703 ಎಂಜಿನ್ನಿಗೆ ಆಫ್ಟರ್‌ಬರ್ನರ್ ಜೋಡಿಸುವ ಕೆಲಸಕ್ಕೆ ಕೈಹಾಕಿದರು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲಕ್ಕೆ ಮತ್ತೊಮ್ಮೆ ಇಂಧನ ಸಿಂಪಡಿಸಿ ಉರಿಸುವುದು ಇದರ ತತ್ವ. ಇಂಧನ ಹೆಚ್ಚು ಖರ್ಚಾಗುತ್ತದೆ, ಆದರೆ ನೂಕುಬಲ ಕೂಡಲೇ ಏರುತ್ತದೆ. ಈ ವ್ಯವಸ್ಥೆ ಅಳವಡಿಸಿದ ಮಾರುತದ ಮಾದರಿಗೆ ಮಾರ್ಕ್ 1ಆರ್ ಎಂದು ಹೆಸರಾಯಿತು.

ಕೆಲಸ ಸುಲಭದ್ದಾಗಿರಲಿಲ್ಲ. ಆಫ್ಟರ್‌ಬರ್ನರ್ ಕೊಳವೆಗಳಿಗೆ ಸ್ಥಳ ಮಾಡಲು ವಿಮಾನದ ಬಾಲದ ಭಾಗವನ್ನು ಬದಲಿಸಬೇಕಾಯಿತು. ಹಾಗೆ ಬದಲಿಸಿದಾಗ ಗಾಳಿಯ ಎಳೆತ ಹೆಚ್ಚಿತು. ಎಂಜಿನ್ ಒಂದು ಕೈಯಲ್ಲಿ ಕೊಟ್ಟ ಬಲದಲ್ಲಿ ಒಂದಷ್ಟನ್ನು ಬಾಲದ ಆಕಾರ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿತ್ತು. ಇದಕ್ಕೆ ಪರಿಹಾರ ಕಾಣಬೇಕಾದರೆ ವಿಮಾನವನ್ನು ಮತ್ತೆ ಮತ್ತೆ ಹಾರಿಸಿ ನೋಡುವುದೊಂದೇ ಮಾರ್ಗ.

ಆ ಹೊತ್ತಿಗೆ ಗ್ರೂಪ್ ಕ್ಯಾಪ್ಟನ್ ದರ್ಜೆಗೇರಿದ್ದ ಸುರಂಜನ್ ದಾಸರಿಗೆ ಐವತ್ತು ವರ್ಷ ತುಂಬಲು ಕೆಲವೇ ವಾರಗಳು ಉಳಿದಿದ್ದವು. ಆ ವಯಸ್ಸಿಗೆ ಯುದ್ಧವಿಮಾನ ಬಿಟ್ಟು ಆಡಳಿತದ ಕುರ್ಚಿಯಲ್ಲಿ ಕುಳಿತರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಹೊಸ ಮಾದರಿಯನ್ನು ಅವರೇ ಹಾರಿಸುತ್ತಿದ್ದರು. 1970ರ ಜನವರಿ 10, ಶನಿವಾರದಂದು ಮಾರ್ಕ್ 1ಆರ್ ಮಾದರಿಯು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೇಲೇರುವ ಹಂತದಲ್ಲಿಯೇ ಅಪಘಾತಕ್ಕೀಡಾಯಿತು. ಸುರಂಜನ್ ದಾಸ್ ಬದುಕುಳಿಯಲಿಲ್ಲ. ಎಂಟೂವರೆ ವರ್ಷಗಳ ಹಿಂದೆ ಮಾರುತವನ್ನು ಮೊದಲ ಬಾರಿ ಆಕಾಶಕ್ಕೊಯ್ದದ್ದು ಅದೇ ನಿಲ್ದಾಣದಿಂದ.

ಅದೇ ವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. ಅವರು ತೀರಿಕೊಂಡು ನಾಲ್ಕು ತಿಂಗಳು ತುಂಬುವ ಮೊದಲೇ, ಏಪ್ರಿಲ್ 30ರಂದು, ಮಾರುತದ ಎರಡು ಆಸನಗಳ ತರಬೇತಿ ಆವೃತ್ತಿ ಮೊದಲ ಬಾರಿಗೆ ಹಾರಿತು. ಆದರೆ ಆಫ್ಟರ್‌ಬರ್ನರ್ ಹೊಂದಿದ ಮಾರ್ಕ್ 1ಆರ್ ಉತ್ಪಾದನೆಯ ಹಂತವನ್ನು ಮುಟ್ಟಲೇ ಇಲ್ಲ.

ಯುದ್ಧದಲ್ಲಿ, ವಸ್ತುಸಂಗ್ರಹಾಲಯದಲ್ಲಿ

ಸುರಂಜನ್ ದಾಸ್ ಹದಗೊಳಿಸಿದ ವಿಮಾನ ತನ್ನ ಯೋಗ್ಯತೆಯನ್ನು ತೋರಿದ್ದು 1971ರ ಡಿಸೆಂಬರ್‌ನಲ್ಲಿ. ರಾಜಸ್ಥಾನದ ಗಡಿಯಲ್ಲಿ ಮಾರುತದ ಎರಡು ಸ್ಕ್ವಾಡ್ರನ್ನುಗಳು ಎರಡು ವಾರಗಳಲ್ಲಿ ಮುನ್ನೂರಕ್ಕೂ ಹೆಚ್ಚು ಹಾರಾಟಗಳನ್ನು ನಡೆಸಿದವು. ಶತ್ರುವಿನ ಟ್ಯಾಂಕುಗಳು, ರೈಲುಗಳು, ಸಂಗ್ರಹಾಗಾರಗಳ ಮೇಲಿನ ದಾಳಿ ಅವುಗಳ ಮುಖ್ಯ ಕೆಲಸ. ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಪಾಕಿಸ್ತಾನದ ಸೇಬರ್ ವಿಮಾನವೊಂದನ್ನು ಹೊಡೆದುರುಳಿಸಿದ್ದಾಗಿ ಭಾರತೀಯ ದಾಖಲೆಗಳು ಹೇಳುತ್ತವೆ. ಆಕಾಶ ಕಾಳಗದಲ್ಲಿ ಒಂದೂ ಮಾರುತ ಬೀಳಲಿಲ್ಲ. ನೆಲದಿಂದ ಬಂದ ಗುಂಡಿಗೆ ಒಂದು ಎಂಜಿನ್ ಕಳೆದುಕೊಂಡರೂ ಇನ್ನೊಂದರ ಬಲದಿಂದಲೇ ಮರಳಿ ನೆಲೆ ಸೇರಿದ ಮಾರುತಗಳಿದ್ದವು.

ತರಬೇತಿ ವಿಮಾನಗಳೂ ಸೇರಿ ಸುಮಾರು 147 ಮಾರುತಗಳು ಬೆಂಗಳೂರಿನಲ್ಲಿ ತಯಾರಾದವು. ಹೆಚ್ಚು ಬಲದ ಎಂಜಿನ್ ಕೊನೆಗೂ ದೊರೆಯಲಿಲ್ಲ. 1980ರ ದಶಕದಲ್ಲಿ ಅವು ಹಂತಹಂತವಾಗಿ ಸೇವೆಯಿಂದ ಹಿಂದೆ ಸರಿದವು. ಉಳಿದ ಕೆಲವು ಪ್ರದರ್ಶನದ ವಸ್ತುಗಳಾದವು. ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ, ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾದ ಎಚ್‌ಎಎಲ್ ಪರಂಪರಾ ಕೇಂದ್ರದಲ್ಲಿ, ಟಾಂಕ್ ಅವರ ನಾಡಾದ ಜರ್ಮನಿಯ ಮ್ಯೂನಿಕ್ ಸಮೀಪದ ಸಂಗ್ರಹಾಲಯದಲ್ಲಿಯೂ ಮಾರುತವನ್ನು ಕಾಣಬಹುದು.

ಇಂತಹ ವಿಮಾನಗಳ ಎದುರು ನಿಲ್ಲುವವರು ಸಾಮಾನ್ಯವಾಗಿ ಅದರ ಮೂಗನ್ನೂ ರೆಕ್ಕೆಗಳನ್ನೂ ನೋಡುತ್ತಾರೆ, ಛಾಯಾಚಿತ್ರಗಳಿಗೂ ಅವೇ ಒಪ್ಪುತ್ತವೆ. ಆದರೆ ಮಾರುತದ ಕಥೆ ಇರುವುದು ಅದರ ಹಿಂಬದಿಯಲ್ಲಿ. ಬಾಲದ ಬುಡದಲ್ಲಿ ಅಕ್ಕಪಕ್ಕ ಕಾಣುವ ಎರಡು ಕೊಳವೆಗಳೇ ಆರ್ಫಿಯಸ್ ಎಂಜಿನ್ನುಗಳ ಬಾಯಿ. ಅಷ್ಟು ದೊಡ್ಡ ದೇಹವನ್ನು ನೂಕಲು ಇದ್ದದ್ದು ಅಷ್ಟೇ. ಆ ಕೊಳವೆಗಳಿಗೆ ಇನ್ನಷ್ಟು ಬಲ ತುಂಬುವ ಯತ್ನದಲ್ಲಿಯೇ ಸುರಂಜನ್ ದಾಸರ ಬದುಕು ಮುಗಿಯಿತು.

ರಸ್ತೆಯ ಹೆಸರು ನೆನಪಿಸುವುದೇನು?

ಅವರ ಹೆಸರಿನ ರಸ್ತೆಯಲ್ಲಿ, ಸಿ.ವಿ. ರಾಮನ್ ನಗರದ ಬಳಿ, ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯ ಆವರಣವಿದೆ. ಅದು ಜಿಟಿಆರ್‌ಇ. ಮಾರುತಕ್ಕೆ ಆಫ್ಟರ್‌ಬರ್ನರ್ ರೂಪಿಸಿದ ಅದೇ ಸಂಸ್ಥೆಯ ಅಧಿಕೃತ ವಿಳಾಸದಲ್ಲಿ ಇಂದು ಸುರಂಜನ್ ದಾಸರ ಹೆಸರು ಸೇರಿಕೊಂಡಿದೆ. ಅಲ್ಲಿಗೆ ಹೋಗುವ ಪ್ರತಿಯೊಂದು ಪತ್ರವೂ ಆ ವೈಮಾನಿಕನ ಹೆಸರನ್ನು ಹೊತ್ತೇ ಹೋಗುತ್ತದೆ.

ಮಾರುತದ ನಂತರ ದೇಶವು ಮತ್ತೊಂದು ಯುದ್ಧವಿಮಾನವನ್ನು ರೂಪಿಸಲು ದಶಕಗಳೇ ಹಿಡಿದವು. ಕುರ್ಟ್ ಟಾಂಕ್ ಕಾಲದಲ್ಲಿ ಕಲಿತ ವಿದ್ಯೆ, ಬೆಳೆದ ಕೈಗಳು ಮುಂದಿನ ಯೋಜನೆಯಿಲ್ಲದೆ ಚದುರಿಹೋದವು. 2001ರ ಜನವರಿ 4ರಂದು ತೇಜಸ್ ಅದೇ ಎಚ್‌ಎಎಲ್ ನಿಲ್ದಾಣದಿಂದ ಮೊದಲ ಬಾರಿ ಹಾರಿತು, 2016ರಲ್ಲಿ ವಾಯುಪಡೆಯ ಸೇವೆಗೆ ಸೇರಿತು. ಅದಕ್ಕೆಂದೇ ಜಿಟಿಆರ್‌ಇ 1989ರಿಂದ ಅಭಿವೃದ್ಧಿಪಡಿಸುತ್ತ ಬಂದ ಕಾವೇರಿ ಎಂಜಿನ್ 2008ರಲ್ಲಿ ಆ ಯೋಜನೆಯಿಂದ ಬೇರ್ಪಟ್ಟಿತು. ತೇಜಸ್ ಹಾರುತ್ತಿರುವುದು ಅಮೆರಿಕದ ಎಂಜಿನ್ನಿನಿಂದ, ಅದರ ಪೂರೈಕೆ ತಡವಾದಾಗ ವಿಮಾನಗಳ ಹಸ್ತಾಂತರವೂ ತಡವಾಗಿದೆ. ದೇಹವನ್ನು ನಾವೇ ಕಟ್ಟಿದರೂ ಅದಕ್ಕೆ ಬೇಕಾದ ಬಲ ಪರರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬ ಪಾಠವನ್ನು ಮಾರುತ 1960ರ ದಶಕದಲ್ಲಿಯೇ ಕಲಿಸಿತ್ತು. ಆ ಪಾಠಕ್ಕೆ ತೆತ್ತ ಬೆಲೆಯಲ್ಲಿ ಒಬ್ಬ ಶ್ರೇಷ್ಠ ವೈಮಾನಿಕನ ಜೀವವೂ ಸೇರಿದೆ.

ಸುರಂಜನ್ ದಾಸರ ಕಾಲದಲ್ಲಿ ಪರೀಕ್ಷಾ ಪೈಲಟ್ ಆಗಬಯಸುವ ಭಾರತೀಯರು ಹೊರದೇಶಕ್ಕೆ ಹೋಗಬೇಕಾಗಿತ್ತು. 1970ರ ದಶಕದಲ್ಲಿ ವಾಯುಪಡೆಯ ಸ್ವಂತ ಪರೀಕ್ಷಾ ಪೈಲಟ್ ಶಾಲೆ ಬೆಂಗಳೂರಿನಲ್ಲಿಯೇ ಆರಂಭವಾಯಿತು. ತೇಜಸ್ ಸೇರಿದಂತೆ ಆನಂತರದ ವಿಮಾನಗಳ ಮಿತಿಗಳನ್ನು ಅಳೆದವರಲ್ಲಿ ಈ ಶಾಲೆಯಲ್ಲಿ ಕಲಿತವರು ಅನೇಕರು. ಅಲ್ಲಿ ಸರ್ವಾಂಗೀಣ ಸಾಧನೆ ತೋರಿದ ವಿದ್ಯಾರ್ಥಿ ಪೈಲಟ್‌ಗೆ ನೀಡುವ ಪಾರಿತೋಷಕಕ್ಕೆ ಸುರಂಜನ್ ದಾಸರ ಹೆಸರಿದೆ.